ಬಣ್ಣದ ಡಬ್ಬಿ ಕೊನೆಗೆ ತೆರೆಯಿರಿ: ಹಳೆ ಫರ್ನಿಚರ್‌ಗೆ ಹೊಸ ಕಳೆ ಕೊಡುವ ಕ್ರಮ

ಹಳೆ ಮೇಜಿಗೆ ಬಣ್ಣ ಹಚ್ಚುವ ವಿಡಿಯೊಗಳಲ್ಲಿ ಎಲ್ಲವೂ ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ಬ್ರಷ್ ಅತ್ತಿತ್ತ ಓಡಾಡಿತು, ಮೇಜು ಹೊಸದಾಯಿತು. ಕೆಲವು ತಿಂಗಳಾದ ಮೇಲೆ ಅದೇ ಮೇಜಿನ ಅಂಚಿನಲ್ಲಿ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿರುತ್ತದಲ್ಲ, ಅದನ್ನು ಯಾರೂ ತೋರಿಸುವುದಿಲ್ಲ. ಬೈಗುಳ ಬೀಳುವುದು ಬಣ್ಣಕ್ಕೆ. ಆದರೆ ಸಾಮಾನ್ಯವಾಗಿ ತಪ್ಪಿರುವುದು ಬಣ್ಣಕ್ಕಿಂತ ಮುಂಚಿನ ಕೆಲಸ: ತೊಳೆಯುವುದು, ಬಿಗಿ ಮಾಡುವುದು, ಉಜ್ಜುವುದು. ಹಾಗಾಗಿ ಈ ಬರಹದಲ್ಲಿ ಬಣ್ಣದ ಸರದಿ ತಡವಾಗಿಯೇ ಬರುತ್ತದೆ. ಕೆಲವು ಸಾಮಾನುಗಳಿಗೆ ಅದು ಬರುವುದೇ ಬೇಕಾಗಿಲ್ಲ.

1. ಮಗುಚಿ ನೋಡಿ

ಮುಂಭಾಗ ನೋಡಿ ತೀರ್ಮಾನ ಮಾಡಬೇಡಿ. ಸಾಮಾನನ್ನು ಮಗುಚಿ ಹಾಕಿ. ತಳ ನೋಡಿ, ಬೆನ್ನು ನೋಡಿ, ಡ್ರಾಯರ್ ಹೊರಗೆಳೆದು ಮೂಲೆ ನೋಡಿ. ಪಾಲಿಶ್ ತಲುಪದ ಜಾಗದಲ್ಲಿ ನಿಜ ಗೊತ್ತಾಗುತ್ತದೆ.

ಮೊದಲ ಪ್ರಶ್ನೆ: ಇದು ಪೂರ್ತಿ ಮರವೇ, ಅಥವಾ ಮರದ ಮುಖವಾಡವೇ? ಹಲಗೆಯ ಮೇಲಿನ ಗೆರೆಗಳು ತುದಿಯವರೆಗೆ ಬಂದು, ತುದಿಯ ಕೊಯ್ತದಲ್ಲೂ ಅದಕ್ಕೆ ಹೊಂದುವ ಉಂಗುರದ ಗುರುತು ಕಂಡರೆ ಅದು ಗಟ್ಟಿ ಮರ. ಮೇಲೆ ತೆಳುವಾದ ಮರದ ಪದರ, ಒಳಗೆ ಬೇರೇನೋ ಇದ್ದರೆ ಅದು ವೆನೀರ್. ಗೆರೆಗಳು ಅಚ್ಚು ಹಾಕಿದಂತೆ ಮತ್ತೆ ಮತ್ತೆ ಒಂದೇ ರೀತಿ ಬಂದರೆ ಅದು ಲ್ಯಾಮಿನೇಟ್ ಅಥವಾ ಮುದ್ರಿತ ಹಾಳೆ. ಒಡೆದ ಮೂಲೆಯಲ್ಲಿ ಮರದ ಚೂರುಗಳು ಕಂಡರೆ ಪಾರ್ಟಿಕಲ್ ಬೋರ್ಡ್, ನಯವಾದ ಕಂದು ಪುಡಿ ಕಂಡರೆ ಎಂಡಿಎಫ್, ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆ. ಮುಂದೆ ಎಷ್ಟು ಉಜ್ಜಬಹುದು, ಯಾವ ಪ್ರೈಮರ್ (ಬಣ್ಣಕ್ಕೆ ಮುಂಚೆ ಹಚ್ಚುವ ತಳಪದರ) ಬೇಕು ಎಂಬುದೆಲ್ಲ ಇದರ ಮೇಲೆಯೇ ನಿಂತಿದೆ.

ಎರಡನೆಯದು ಹುಳ. 1–2 ಮಿಲಿಮೀಟರಿನ ದುಂಡು ತೂತುಗಳಿದ್ದ ಮಾತ್ರಕ್ಕೆ ಹೆದರಬೇಕಿಲ್ಲ, ಅವು ಹಳೆಯವಾಗಿರಬಹುದು. ಸಾಮಾನಿನ ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ವಾರ ಬಿಡಿ. ಕಾಗದದ ಮೇಲೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಒಳಗೆ ಕುಟ್ಟೆ ಹುಳ ಇನ್ನೂ ಮೇಯುತ್ತಿದೆ ಎಂದು ಅರ್ಥ. ಅದಕ್ಕೆ ಔಷಧಿ ಆಗುವವರೆಗೆ ಆ ಸಾಮಾನು ಬೇರೆ ಮರದ ಸಾಮಾನಿನ ಹತ್ತಿರ ಬೇಡ. ಗೆದ್ದಲು ತಿಂದ ಮರವನ್ನು ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗೆ ಇಳಿಯುತ್ತದೆ. ಕಾಲು, ಚೌಕಟ್ಟಿನಂಥ ಭಾರ ಹೊರುವ ಭಾಗ ಹೀಗಾಗಿದ್ದರೆ ಆ ಭಾಗವನ್ನೇ ಬದಲಿಸಬೇಕು.

ಕೆಲವನ್ನು ಸುಮ್ನೆ ಬಿಟ್ಟುಬಿಡುವುದೇ ಜಾಣತನ. ನೀರು ಕುಡಿದು ಊದಿಕೊಂಡ ಪಾರ್ಟಿಕಲ್ ಬೋರ್ಡ್ ಮತ್ತೆ ಮೊದಲಿನ ಆಕಾರಕ್ಕೆ ಬರುವುದಿಲ್ಲ, ಅದಕ್ಕೆ ಹಾಕಿದ ಸ್ಕ್ರೂ ಹಿಡಿಯುವುದೂ ಇಲ್ಲ. ತಿಗಣೆ ಇದ್ದಿರಬಹುದಾದ ಮೆತ್ತನೆ ಸೋಫಾ ಮನೆಯೊಳಗೆ ಬರಲೇಬಾರದು. ಪಕ್ಕದ ಕಟಕಟೆಯನ್ನು ಕೆಳಗಿಳಿಸುವಂಥ ಮಗುವಿನ ಹಳೆ ಮಂಚಕ್ಕೆ ಎಷ್ಟು ಚೆಂದದ ಬಣ್ಣ ಬಳಿದರೂ ಅದು ಮಗುವಿಗೆ ಸುರಕ್ಷಿತವಾಗುವುದಿಲ್ಲ. ಇನ್ನೊಂದು ತುದಿಯಲ್ಲಿ ಪುರಾತನ ಸಾಮಾನುಗಳಿವೆ. ಕೈಕೆಲಸದ, ತುಂಬ ಹಳೆಯ ವಸ್ತು ಎಂಬ ಅನುಮಾನ ಬಂದರೆ ಮೊದಲು ತಿಳಿದವರಿಗೆ ತೋರಿಸಿ. ಮೂಲ ಪಾಲಿಶ್ ಕೆರೆದು ತೆಗೆದರೆ ಅಂಥದ್ದರ ಬೆಲೆಯ ದೊಡ್ಡ ಪಾಲು ಪುಡಿಯ ಜೊತೆಗೇ ಹೋಗುತ್ತದೆ.

ಸಾಗಣೆಯ ಪ್ಯಾಲೆಟ್‌ಗಳನ್ನು (ಸರಕು ಪೇರಿಸುವ ಮರದ ಅಟ್ಟಣಿಗೆ) ಬಳಸುವವರು ಅವುಗಳ ಮೇಲಿನ ಮುದ್ರೆ ಓದಬೇಕು. ದೇಶದಿಂದ ದೇಶಕ್ಕೆ ಹೋಗುವ ಮರದ ಪ್ಯಾಕಿಂಗ್‌ಗೆ 2002ರಲ್ಲಿ ಬಂದ ಅಂತರರಾಷ್ಟ್ರೀಯ ನಿಯಮದ ಗುರುತು ಅದು. 'ಎಚ್‌ಟಿ' ಎಂದಿದ್ದರೆ ಮರವನ್ನು ಬಿಸಿ ಮಾಡಿ ಹುಳ ಕೊಂದಿದ್ದಾರೆ, ಬಳಸಬಹುದು. 'ಎಂಬಿ' ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಅನಿಲ ಹಾಯಿಸಿದ್ದಾರೆ, ಮನೆಯೊಳಗೆ ಬೇಡ. ಮುದ್ರೆಯೇ ಇಲ್ಲದೆ, ಎಣ್ಣೆ ಕಲೆಯೂ ಇದ್ದರೆ ಅದರ ಆಸೆ ಬಿಡಿ.

2. ಫೋಟೊ ತೆಗೆದು ಬಿಚ್ಚಿ, ಆಮೇಲೆ ತೊಳೆಯಿರಿ

ಬಿಚ್ಚುವಾಗ ಪ್ರತಿ ಹಂತದಲ್ಲೂ ಒಂದು ಫೋಟೊ ಇರಲಿ. ಹಿಡಿ, ಕೀಲು, ಸ್ಕ್ರೂಗಳನ್ನು ಬೇರೆ ಬೇರೆ ಲಕೋಟೆಯಲ್ಲಿ ಹಾಕಿ ಹೆಸರು ಬರೆಯಿರಿ. ಡ್ರಾಯರ್‌ಗಳ ತಳಕ್ಕೆ ಪೆನ್ಸಿಲ್‌ನಲ್ಲಿ ಸಂಖ್ಯೆ ಹಾಕಿ. ನೋಡಲು ಎಲ್ಲವೂ ಒಂದೇ ತರಹ ಇದ್ದರೂ ಒಂದರ ಜಾಗಕ್ಕೆ ಇನ್ನೊಂದು ಸಲೀಸಾಗಿ ಕೂರುವುದಿಲ್ಲ.

ತೊಳೆಯುವ ಕೆಲಸವನ್ನು ಬಹಳ ಜನ ಹಾರಿಸಿಬಿಡುತ್ತಾರೆ. ಹೇಗೂ ಉಜ್ಜುತ್ತೇವಲ್ಲ ಅಂತ. ಜಿಡ್ಡು, ಮೇಣ, ಹಳೆ ಸ್ಪ್ರೇ ಪಾಲಿಶ್‌ನ ಸಿಲಿಕೋನ್ ಇರುವ ಮೈಯನ್ನು ಹಾಗೇ ಉಜ್ಜಿದರೆ ಮರಳು ಕಾಗದ ಆ ಜಿಡ್ಡನ್ನು ಮರದ ಒಳಕ್ಕೆ ತಳ್ಳುತ್ತದೆ. ಆಮೇಲೆ ಬಣ್ಣ ಹಚ್ಚಿದಾಗ ಅಲ್ಲಲ್ಲಿ ಪುಟ್ಟ ಗುಳಿ ಬಿದ್ದು ಬಣ್ಣ ದೂರ ಸರಿಯುತ್ತದೆ. ಮೊದಲು ಸೌಮ್ಯ ಸಾಬೂನಿನ ನೀರಿನಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ. ಆಮೇಲೆ ಬರೀ ನೀರಿನ ಬಟ್ಟೆ. ಅದು ಒಣಗಿದ ಮೇಲೆ ಟರ್ಪೆಂಟೈನ್ ಅಥವಾ ಮಿನರಲ್ ಸ್ಪಿರಿಟ್‌ನಲ್ಲಿ ಒರೆಸಿ. ಬಟ್ಟೆಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೆ ಬಟ್ಟೆ ಬದಲಿಸುತ್ತಾ ಇರಿ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಬೇಡ.

ಇಷ್ಟು ಮಾಡಿ ಒಮ್ಮೆ ದೂರ ನಿಂತು ನೋಡಿ. ಎಷ್ಟೋ ಸಾಮಾನುಗಳಿಗೆ ಬೇಕಾಗಿದ್ದದ್ದು ಇದೊಂದೇ ಆಗಿರುತ್ತದೆ.

3. ಅಲುಗಾಡುವುದನ್ನು ನಿಲ್ಲಿಸಿ

ಕುರ್ಚಿ ಅಲುಗಿದರೆ ಮೊಳೆ ಹೊಡೆಯುವ ಚಪಲ ಬರುತ್ತದೆ. ಬೇಡ. ಮೊಳೆ ಒಂದಿಷ್ಟು ದಿನ ಹಿಡಿದಂತೆ ಮಾಡಿ ಕೊನೆಗೆ ಮರವನ್ನೇ ಸೀಳುತ್ತದೆ. ಜೋಡಣೆ ಸಡಿಲವಾಗಿದೆ ಎಂದರೆ ಒಳಗಿನ ಅಂಟು ಸತ್ತಿದೆ. ಆ ಜೋಡಣೆಯನ್ನು ಪೂರ್ತಿ ಬಿಡಿಸಿ, ಹಳೆ ಅಂಟು ತೆಗೆದು, ಹೊಸದಾಗಿ ಅಂಟಿಸಬೇಕು.

ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಫರ್ನಿಚರ್‌ಗೆ ಹೆಚ್ಚಾಗಿ ಬಳಸುತ್ತಿದ್ದದ್ದು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಅಂಟು. ಬಿಸಿ ನೀರು ಅಥವಾ ಬೆಚ್ಚಗಿನ ವಿನೆಗರ್ ತಾಗಿಸಿದರೆ ಅದು ಕರಗಿ ಬಿಡುತ್ತದೆ. ಆಮೇಲೆ ಬಂದ ಬಿಳಿ ಅಂಟು ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ, ವಿನೆಗರ್ ಹಚ್ಚಿ ಕಾಯಬೇಕು, ಕೆರೆಯಬೇಕು. ಒಣಗಿದ ಬಿಳಿ ಅಂಟಿನ ಮೇಲೆ ಹೊಸ ಬಿಳಿ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಬರೀ ಮರ ಕಾಣುವವರೆಗೆ ಕೆರೆಯಿರಿ, ಆದರೆ ಮರವನ್ನೇ ಸವೆಸಬೇಡಿ. ಸವೆದಷ್ಟೂ ಜೋಡಣೆ ಸಡಿಲ.

ಅಂಟು ಹಚ್ಚಿದ ಮೇಲೆ ಕ್ಲ್ಯಾಂಪ್ ಬೇಕು. ಇಲ್ಲದಿದ್ದರೆ ಕಾಲುಗಳ ಸುತ್ತ ಹಗ್ಗ ಎರಡು ಸುತ್ತು ಕಟ್ಟಿ, ನಡುವೆ ಕೋಲು ತೂರಿಸಿ ತಿರುಚಿ. ಅದು ಕ್ಲ್ಯಾಂಪ್‌ನಷ್ಟೇ ಬಿಗಿಯುತ್ತದೆ. ಬಿಗಿದ ಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಿರಿ. ಎರಡು ಅಳತೆ ಒಂದೇ ಆದರೆ ಚೌಕ ಸರಿ ಇದೆ, ಇಲ್ಲವಾದರೆ ಅಂಟು ಹಸಿ ಇರುವಾಗಲೇ ತಳ್ಳಿ ಸರಿಮಾಡಿ. ಕುರ್ಚಿಯಾದರೆ ನಾಲ್ಕು ಕಾಲೂ ಸಮತಟ್ಟು ನೆಲದ ಮೇಲಿರಲಿ. 24 ಗಂಟೆ ಯಾರೂ ಅದರ ಮೇಲೆ ಕೂರಬಾರದು.

ಸ್ಕ್ರೂ ತೂತು ದೊಡ್ಡದಾಗಿ ಸ್ಕ್ರೂ ಸುಮ್ಮನೆ ತಿರುಗುತ್ತಿದ್ದರೆ, ಅಂಟಿನಲ್ಲಿ ಅದ್ದಿದ ಬೆಂಕಿಕಡ್ಡಿಗಳನ್ನು ಅದರೊಳಗೆ ಒತ್ತಿ ತುಂಬಿ. ಒಣಗಿದ ಮೇಲೆ ಮಟ್ಟಕ್ಕೆ ಕತ್ತರಿಸಿ ಹಳೆ ಸ್ಕ್ರೂವನ್ನೇ ಹಾಕಿ.

ಗಟ್ಟಿ ಮರದ ಮೇಲ್ಹಲಗೆಯನ್ನು ಮಾತ್ರ ಚೌಕಟ್ಟಿಗೆ ಅಂಟಿಸಬೇಡಿ. ಮರ ಗಾಳಿಯ ತೇವಕ್ಕೆ ಅಗಲದಲ್ಲಿ ಹಿಗ್ಗುತ್ತದೆ, ಒಣಹವೆಗೆ ಕುಗ್ಗುತ್ತದೆ. ಸ್ಕ್ರೂ ತೂತು ಕೊಂಚ ಉದ್ದವಾಗಿದ್ದರೆ ಹಲಗೆಗೆ ಅಲುಗಲು ಜಾಗ ಸಿಗುತ್ತದೆ. ಜಾಗ ಕೊಡದಿದ್ದರೆ ಹಲಗೆ ಬಿರಿಯುತ್ತದೆ.

4. ಹಳೆ ಪಾಲಿಶ್ ಯಾವುದು ಎಂದು ಕೇಳಿ ತಿಳಿಯಿರಿ

ಕೇಳುವುದು ಸಾಮಾನನ್ನೇ. ಕಾಣದ ಮೂಲೆಯಲ್ಲಿ ಹತ್ತಿಗೆ ಸ್ಪಿರಿಟ್ (ಆಲ್ಕೋಹಾಲ್, ಒರೆಸಲು ಬಳಸಿದ ಮಿನರಲ್ ಸ್ಪಿರಿಟ್ ಅಲ್ಲ) ತಾಗಿಸಿ ಒತ್ತಿ. ಮೈ ಅಂಟಂಟಾಗಿ ಕರಗಿದರೆ ಅದು ಅರಗಿನ ಪಾಲಿಶ್, ಅಂದರೆ ಶೆಲ್ಯಾಕ್. ಅರಗಿನ ಹುಳ ಕೊಡುವ ಅದೇ ಅರಗು. ಸ್ಪಿರಿಟ್‌ಗೆ ಜಗ್ಗದೆ ಲ್ಯಾಕರ್ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಬಹುತೇಕ ವಾರ್ನಿಷ್ ಅಥವಾ ಪಾಲಿಯುರೆಥೇನ್. ಏನೂ ಹಚ್ಚದ ಮರ, ಬರೀ ಎಣ್ಣೆ ಉಂಡ ಮರವಾದರೆ ನೀರಿನ ಹನಿ ಸ್ವಲ್ಪ ಹೊತ್ತಿಗೆ ಒಳಗಿಳಿಯುತ್ತದೆ.

ಈ ಪರೀಕ್ಷೆ ಯಾಕೆ ಅಂದರೆ, ಅರಗಿನ ಪಾಲಿಶ್ ಆಗಿದ್ದರೆ ನಿಮ್ಮ ಅದೃಷ್ಟ. ಹೊಸ ಅರಗಿನ ಪದರ ಹಳೆಯದನ್ನು ಸ್ವಲ್ಪ ಕರಗಿಸಿ ಅದರ ಜೊತೆ ಒಂದಾಗುತ್ತದೆ. ಗೀರು, ಮಂಕು ಎಲ್ಲ ಪೂರ್ತಿ ಕೆರೆಯದೆಯೇ ಹೋಗುತ್ತವೆ. ವಾರ್ನಿಷ್‌ನಲ್ಲಿ ಹಾಗಾಗುವುದಿಲ್ಲ. ಅಲ್ಲಿ ಹಳೆ ಮೈಯನ್ನು ಒರಟು ಮಾಡಿಯೇ ಹೊಸ ಪದರ ಕೂರಿಸಬೇಕು.

ಲೋಟ ಇಟ್ಟ ಉಂಗುರದ ಕಲೆಯಲ್ಲೂ ಎರಡು ಜಾತಿ. ಬಿಳಿ ಉಂಗುರವಾದರೆ ತೇವ ಪಾಲಿಶ್‌ನಲ್ಲಿಯೇ ಸಿಕ್ಕಿಕೊಂಡಿದೆ. ಅದರ ಮೇಲೆ ಒಣ ಹತ್ತಿ ಬಟ್ಟೆ ಹಾಕಿ, ಕಡಿಮೆ ಬಿಸಿಯ, ಹಬೆ ಬಾರದ ಇಸ್ತ್ರಿಪೆಟ್ಟಿಗೆಯನ್ನು ಕೆಲವೇ ಸೆಕೆಂಡು ಆಡಿಸಿ, ಎತ್ತಿ ನೋಡಿ, ಮತ್ತೆ ಆಡಿಸಿ. ಕಪ್ಪು ಉಂಗುರವಾದರೆ ನೀರು ಮರಕ್ಕೇ ಇಳಿದು, ಮರದ ಒಗರು (ಟ್ಯಾನಿನ್) ಕಬ್ಬಿಣದ ಅಂಶದ ಜೊತೆ ಸೇರಿ ಕಪ್ಪಾಗಿದೆ. ಪಾಲಿಶ್ ತೆಗೆದು ಆಕ್ಸಾಲಿಕ್ ಆಮ್ಲದ ದ್ರಾವಣ ಹಚ್ಚಬೇಕು. ಅದು ವಿಷ. ಕೈಗವಸು, ಕನ್ನಡಕ ಹಾಕಿ ಮಾಡಿ, ಕೊನೆಗೆ ನೀರಿನಲ್ಲಿ ಚೆನ್ನಾಗಿ ಒರೆಸಿ.

5. ಉಜ್ಜುವುದು

ಇಲ್ಲಿ ಮೊದಲು ಒಂದು ಎಚ್ಚರಿಕೆ. ತುಂಬ ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಮನೆ ಬಳಕೆಯ ಬಣ್ಣದಲ್ಲಿ ಸೀಸವನ್ನು ಅಮೆರಿಕ 1978ರಲ್ಲಿ ನಿಷೇಧಿಸಿತು, ಹಲವು ದೇಶಗಳಲ್ಲಿ ನಿಯಮ ಬಂದದ್ದು ಅದಕ್ಕೂ ಬಹಳ ತಡವಾಗಿ. ಸೀಸದ ಪುಡಿ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಬಣ್ಣ ಯಾವ ಕಾಲದ್ದೋ ತಿಳಿಯದಿದ್ದರೆ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಆ ಬಣ್ಣವನ್ನು ಒಣದಾಗಿ ಉಜ್ಜಬೇಡಿ, ಬಿಸಿಗಾಳಿ ಗನ್ ಹಿಡಿಯಬೇಡಿ. ಸೀಸ ಇಲ್ಲದ ಮರದ ಪುಡಿಯೇನೂ ಒಳ್ಳೆಯದಲ್ಲ, ಅದನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದ್ದಾರೆ. ಎನ್95 ಮಾದರಿಯ ಮುಖಗವಸು ಬೇಕೇ ಬೇಕು. ಕರವಸ್ತ್ರ ಕಟ್ಟಿಕೊಂಡರೆ ಸಾಲದು.

ಮರಳು ಕಾಗದದ ಸಂಖ್ಯೆ ಹೆಚ್ಚಾದಷ್ಟೂ ಅದು ನಯ. ಹಳೆ ಪಾಲಿಶ್ ಪೂರ್ತಿ ತೆಗೆಯಬೇಕಾದರೆ 80ರಿಂದ ಶುರು ಮಾಡಿ 120, 180, 220 ಎಂದು ಏರಿ. ನಡುವಿನದನ್ನು ಹಾರಿಸಿದರೆ ಒರಟು ಕಾಗದದ ಗೀರು ಹಾಗೇ ಉಳಿಯುತ್ತದೆ, ಸ್ಟೇನ್ (ಮರದ ಗೆರೆ ಮುಚ್ಚದೆ ಬಣ್ಣ ಕೊಡುವ ದ್ರವ) ಹಚ್ಚಿದಾಗ ಎದ್ದು ಕಾಣುತ್ತದೆ. ಯಾವಾಗಲೂ ಮರದ ಗೆರೆಯ ಉದ್ದಕ್ಕೇ ಉಜ್ಜಿ, ಅಡ್ಡಕ್ಕೆ ಬೇಡ. ಹಳೆಯ ಪದರ ಗಟ್ಟಿಯಾಗಿದ್ದು ಮೇಲೆ ಬಣ್ಣ ಬಳಿಯುವುದಷ್ಟೇ ಇದ್ದರೆ ಇಷ್ಟೆಲ್ಲ ಬೇಕಿಲ್ಲ. 180ರಲ್ಲಿ ಹೊಳಪು ಹೋಗಿ ಮಂಕಾಗುವಷ್ಟು ಉಜ್ಜಿದರೆ ಸಾಕು.

ವೆನೀರ್ ಆಗಿದ್ದರೆ ಕೈ ಹಗುರವಾಗಿರಲಿ. ಈಗಿನ ವೆನೀರ್ ಬರೀ ಅರ್ಧ ಮಿಲಿಮೀಟರ್ ಆಸುಪಾಸು ಇರುತ್ತದೆ. ಯಂತ್ರ ಹಿಡಿದರೆ ಒಂದು ಕ್ಷಣದಲ್ಲಿ ತಳ ಕಾಣಬಹುದು, ಅದರಲ್ಲೂ ಅಂಚಿನಲ್ಲಿ. ಕೈಯಲ್ಲೇ, 180ಕ್ಕಿಂತ ಒರಟು ಇಲ್ಲದ ಕಾಗದದಲ್ಲಿ ಉಜ್ಜಿ. ಲ್ಯಾಮಿನೇಟ್‌ಗೆ ಬೇಕಿರುವುದು ಸಣ್ಣ ಗೀಚು ಮಾತ್ರ.

ಪುಡಿ ತೆಗೆಯಲು ಮೊದಲು ವ್ಯಾಕ್ಯೂಮ್, ಆಮೇಲೆ ಒದ್ದೆ ಬಟ್ಟೆ. ಬರೀ ಊದಿದರೆ ಪುಡಿ ಮತ್ತೆ ಅಲ್ಲೇ ಕೂರುತ್ತದೆ.

6. ಈಗ ಡಬ್ಬಿ ತೆರೆಯಬಹುದು

ಮರದ ಗೆರೆ ಚೆನ್ನಾಗಿದ್ದರೆ ದಯವಿಟ್ಟು ಬಣ್ಣ ಬಳಿಯಬೇಡಿ. ಇದು ನನ್ನ ಪಕ್ಷಪಾತ ಅಂದುಕೊಳ್ಳಿ. ಬಣ್ಣವನ್ನು ಯಾವಾಗ ಬೇಕಾದರೂ ಬಳಿಯಬಹುದು. ಮರದ ರಂಧ್ರಕ್ಕೆ ಇಳಿದ ಬಿಳಿ ಬಣ್ಣವನ್ನು ತೆಗೆಯುವುದು ಮಾತ್ರ ದೊಡ್ಡ ತಲೆನೋವು. ತೇಪೆ ಬಿದ್ದ, ಬೇರೆ ಬೇರೆ ಮರ ಸೇರಿಸಿ ಮಾಡಿದ, ಲ್ಯಾಮಿನೇಟ್ ಇರುವ ಸಾಮಾನುಗಳಿಗೆ ಬಣ್ಣ ಒಪ್ಪುತ್ತದೆ.

ಬಣ್ಣ ಬಳಿಯುವುದಾದರೆ ಗುಳಿಗಳಿಗೆ ಪುಟ್ಟಿ ತುಂಬಿ, ಒಣಗಿಸಿ, ಉಜ್ಜಿ, ಪ್ರೈಮರ್ ಹಚ್ಚಿ. ಕೆಂಪು, ಕಂದು ಮರಗಳಲ್ಲಿ ಒಗರು ಜಾಸ್ತಿ. ನೀರಿನ ಪ್ರೈಮರ್ ಹಚ್ಚಿದರೆ ಆ ಒಗರು ಬಿಳಿ ಬಣ್ಣದ ಮೇಲೆ ಹಳದಿ ಕಲೆಯಾಗಿ ಮೇಲೇಳುತ್ತದೆ. ಮರದ ಗಂಟುಗಳಲ್ಲೂ ಇದೇ ಗೋಳು. ಅರಗು ಬೆರೆಸಿದ ಪ್ರೈಮರ್ ಇದನ್ನು ತಡೆಯುತ್ತದೆ, ಹಳೆ ಕಪಾಟಿನ ವಾಸನೆಯನ್ನೂ ಒಳಗೇ ಮುಚ್ಚುತ್ತದೆ. ಲ್ಯಾಮಿನೇಟ್‌ಗೆ ನಯವಾದ ಮೈಗೆ ಹಿಡಿಯುವಂಥ ಬಾಂಡಿಂಗ್ ಪ್ರೈಮರ್ ಬೇಕು. ಎಂಡಿಎಫ್ ಅಂಚು ಬಣ್ಣವನ್ನು ಹೀರುತ್ತದೆ, ಅಲ್ಲಿಗೆ ಎರಡು ಸಲ.

ಬಣ್ಣ ತೆಳುವಾಗಿರಲಿ. ಎರಡು ಅಥವಾ ಮೂರು ತೆಳು ಪದರ, ನಡುವೆ 220ರಲ್ಲಿ ಹಗುರಾಗಿ ಒಂದು ಸವರು. ಸಮತಟ್ಟು ಜಾಗಕ್ಕೆ ಸಣ್ಣ ಫೋಮ್ ರೋಲರ್, ಮೂಲೆ ಮತ್ತು ಕೆತ್ತನೆಗೆ ಬ್ರಷ್. ಮಳೆ ಹಿಡಿದ ತೇವದ ದಿನ ಹಚ್ಚಬೇಡಿ. ಮೇಲೆ ಬಣ್ಣವಿಲ್ಲದ ರಕ್ಷಣಾ ಪದರ ಬೇಕೆಂದರೆ ಬಿಳಿ ಮತ್ತು ತಿಳಿ ಬಣ್ಣದ ಮೇಲೆ ನೀರಿನದನ್ನೇ ಆರಿಸಿ, ಎಣ್ಣೆಯ ಪಾಲಿಯುರೆಥೇನ್ ಕಾಲಕ್ರಮೇಣ ಹಳದಿಯಾಗುತ್ತದೆ.

ಒಣಗುವುದು ಬೇರೆ, ಗಟ್ಟಿಯಾಗುವುದು ಬೇರೆ. ಕೈಗೆ ಅಂಟದಂತಾಗಲು ಕೆಲವು ಗಂಟೆ ಸಾಕು. ಪದರ ಪೂರ್ತಿ ಗಟ್ಟಿಯಾಗಲು 2ರಿಂದ 4 ವಾರ ಬೇಕಾಗುತ್ತದೆ. ಆ ಹೊತ್ತಿಗೆ ಮುಂಚೆಯೇ ಅದರ ಮೇಲೆ ಭಾರದ ಪುಸ್ತಕ ಪೇರಿಸಿದರೆ ಪುಸ್ತಕದ ಜೊತೆ ಬಣ್ಣವೂ ಎದ್ದುಬರುತ್ತದೆ.

ಬಣ್ಣದ ಬದಲು ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ ಹಚ್ಚುವವರು ಈ ಮಾತನ್ನು ಮರೆಯಲೇಬಾರದು: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಸಿಕ್ಕಿಕೊಂಡು ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಹೊರಗೆ ಒಂಟಿ ಪದರವಾಗಿ ಹರಡಿ ಪೂರ್ತಿ ಒಣಗಿಸಿ, ಅಥವಾ ಮುಚ್ಚಳದ ಲೋಹದ ಡಬ್ಬಿಯಲ್ಲಿ ನೀರು ತುಂಬಿ ಮುಳುಗಿಸಿ.

7. ಹಿಡಿ, ಡ್ರಾಯರ್, ಕೂರುವ ಜಾಗ

ಹೊಸ ಹಿಡಿ ಕೊಳ್ಳುವ ಮುಂಚೆ ಹಳೆಯದರ ಎರಡು ತೂತಿನ ನಡುವಿನ ದೂರ ಅಳೆಯಿರಿ. ಹೆಚ್ಚಿನವು 96 ಅಥವಾ 128 ಮಿಲಿಮೀಟರ್ ಇರುತ್ತವೆ. ಅದೇ ಅಳತೆ ಸಿಕ್ಕರೆ ಹೊಸ ತೂತಿನ ಗೊಡವೆಯೇ ಇಲ್ಲ. ಕಚ್ಚಿಕೊಳ್ಳುವ ಮರದ ಡ್ರಾಯರ್‌ನ ಕೆಳ ಅಂಚಿಗೆ ಮೇಣದಬತ್ತಿ ಉಜ್ಜಿ.

ಬೆತ್ತದ ಕುರ್ಚಿ ಜೋತುಬಿದ್ದಿದ್ದು, ಎಳೆ ಕಡಿದಿಲ್ಲದಿದ್ದರೆ ಅದನ್ನು ಮಗುಚಿ ಹಾಕಿ, ತಳದಿಂದ ಬಿಸಿನೀರಿನ ಬಟ್ಟೆಯಲ್ಲಿ ಚೆನ್ನಾಗಿ ತೋಯಿಸಿ. ಮೇಲ್ಬದಿ ನುಣುಪಾಗಿರುವುದರಿಂದ ನೀರು ಹೀರುವುದಿಲ್ಲ. ನೆರಳಿನಲ್ಲಿ ಒಣಗುತ್ತಾ ಬೆತ್ತ ಬಿಗಿದುಕೊಳ್ಳುತ್ತದೆ. ಪೂರ್ತಿ ಒಣಗುವವರೆಗೆ ಕೂರಬೇಡಿ.

ಊಟದ ಮೇಜಿನ ಕುರ್ಚಿಗಳ ಮೆತ್ತೆಯನ್ನು ಸಾಮಾನ್ಯವಾಗಿ ಕೆಳಗಿನಿಂದ ನಾಲ್ಕು ಸ್ಕ್ರೂ ಹಿಡಿದಿರುತ್ತವೆ. ಬಿಚ್ಚಿದರೆ ಹಲಗೆ ಸಮೇತ ಕೈಗೆ ಬರುತ್ತದೆ. ಹಳೆ ಬಟ್ಟೆಯನ್ನು ಹರಿಯದೆ ತೆಗೆಯಿರಿ, ಹೊಸದನ್ನು ಕತ್ತರಿಸಲು ಅದೇ ಅಳತೆ. ಸ್ಟೇಪಲ್ ಹೊಡೆಯುವಾಗ ಪ್ರತಿ ಬದಿಯ ನಡುವಿಗೆ ಒಂದೊಂದು, ಆಮೇಲೆ ಎದುರುಬದುರಾಗಿ ಮೂಲೆಗಳ ಕಡೆ ಹೋಗಿ. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಬಟ್ಟೆ ಸೊಟ್ಟಗೆ ಎಳೆದುಕೊಳ್ಳುತ್ತದೆ. ಪಟ್ಟೆ, ಚೌಕಳಿ ಬಟ್ಟೆಯಾದರೆ ಆ ಸೊಟ್ಟ ಇಡೀ ಕೋಣೆಗೆ ಕಾಣುತ್ತದೆ.

ಹಳೆಯದಕ್ಕೆ ಬೇರೆ ಕೆಲಸ ಕೊಡುವುದಿದ್ದರೆ ಅದು ಈಗಾಗಲೇ ಹೊರುತ್ತಿದ್ದ ಭಾರವನ್ನು ಗಮನಿಸಿ. ಮುರಿದ ಏಣಿ ಗಿಡದ ಕುಂಡ ಹೊರಬಲ್ಲದು. ಡ್ರಾಯರ್‌ಗೆ ಗೋಡೆಯ ಮೇಲೆ ಗೂಡಾಗುವ ಯೋಗ ಇದೆ, ಆದರೆ ಅದರ ತಳ ಬರೀ ತೆಳು ಹಲಗೆ. ಆ ತಳವನ್ನು ನಂಬಿ ತೂಗುಹಾಕಬೇಡಿ. ಹಿಂದೆ ಒಂದು ಮರದ ಪಟ್ಟಿ ಸೇರಿಸಿ, ಅದರ ಮೂಲಕ ಗೋಡೆಗೆ ಸ್ಕ್ರೂ ಹಾಕಿ.

8. ಕೋಣೆಯನ್ನು ಕೊನೆಗೆ ಮುಟ್ಟಿ

ಸಾಮಾನು ಹೊಸದಾದ ಮೇಲೆ ಕೋಣೆ ಮಂಕಾಗಿ ಕಾಣುತ್ತದೆ. ಕೂಡಲೇ ಗೋಡೆಗೆ ಬಣ್ಣ ಹಚ್ಚಲು ಹೊರಡಬೇಡಿ. ಮೊದಲು ಬಲ್ಬ್ ಬದಲಿಸಿ ನೋಡಿ. 2700 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಬೆಳಕು ಮರಕ್ಕೆ ಬೆಚ್ಚಗಿನ ಬಣ್ಣ ಕೊಡುತ್ತದೆ. 6500 ಕೆಲ್ವಿನ್‌ನಲ್ಲಿ ಅದೇ ಮರ ಬೂದಿ ಬಡಿದಂತೆ ಕಾಣುತ್ತದೆ. ಬಲ್ಬಿನ ಡಬ್ಬಿಯ ಮೇಲೆ ಸಿಆರ್‌ಐ (ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂಬ ಅಳತೆ) 90 ಅಥವಾ ಹೆಚ್ಚು ಎಂದಿದ್ದರೆ ಬಣ್ಣಗಳು ಸಹಜಕ್ಕೆ ಹತ್ತಿರವಾಗಿ ಕಾಣುತ್ತವೆ.

ಆಮೇಲೆ ಜಾಗ. ನಡೆದಾಡುವ ದಾರಿಗೆ 75–90 ಸೆಂಟಿಮೀಟರ್, ಸೋಫಾ ಮತ್ತು ಟೀಪಾಯಿ ನಡುವೆ 40–45 ಸೆಂಟಿಮೀಟರ್ ಬಿಡಿ. ಎಲ್ಲವನ್ನೂ ಗೋಡೆಗೆ ಒತ್ತರಿಸಿದರೆ ಕೋಣೆ ದೊಡ್ಡದಾಗುತ್ತದೆ ಅನ್ನುವುದು ಭ್ರಮೆ. ಪರದೆಯ ಸರಳನ್ನು ಕಿಟಕಿ ಚೌಕಟ್ಟಿಗಿಂತ 10–15 ಸೆಂಟಿಮೀಟರ್ ಮೇಲೆ, ಎರಡೂ ಬದಿ ಅಷ್ಟೇ ಅಗಲಕ್ಕೆ ಹಾಕಿದರೆ ಪರದೆ ಸರಿಸಿದಾಗ ಗಾಜು ಪೂರ್ತಿ ತೆರೆದುಕೊಳ್ಳುತ್ತದೆ. ಚಿತ್ರಗಳ ನಡುಭಾಗ ನೆಲದಿಂದ 145–150 ಸೆಂಟಿಮೀಟರ್ ಎತ್ತರಕ್ಕೆ ಬರಲಿ. ಬಹಳ ಮನೆಗಳಲ್ಲಿ ಅವು ತೀರ ಮೇಲೆ ನೇತಾಡುತ್ತಿರುತ್ತವೆ, ಅಲ್ವಾ?

ಇಷ್ಟಾದ ಮೇಲೂ ಗೋಡೆಗೆ ಬಣ್ಣ ಬೇಕು ಅನ್ನಿಸಿದರೆ, ದೊಡ್ಡ ರಟ್ಟಿಗೆ ಎರಡು ಪದರ ಬಳಿದು ಆ ಸಾಮಾನಿನ ಹಿಂದೆಯೇ ನಿಲ್ಲಿಸಿ. ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ನೋಡಿ. ಅಂಗೈಯಗಲದ ಬಣ್ಣದ ಕಾರ್ಡು ನೋಡಿ ಆರಿಸಿದ ಬಣ್ಣ ಗೋಡೆಗೆ ಬಂದಾಗ ಜಾಸ್ತಿ ಗಾಢವಾಗಿ ಕಾಣುತ್ತದೆ.

ಡ್ರಾಯರ್ ಕಪಾಟು, ಪುಸ್ತಕದ ಗೂಡಿನಂಥ ಎತ್ತರದ ಸಾಮಾನನ್ನು ಜಾಗಕ್ಕೆ ಇಟ್ಟ ದಿನವೇ ಮೇಲ್ಭಾಗದಲ್ಲಿ ಬ್ರಾಕೆಟ್ ಹಾಕಿ ಗೋಡೆಗೆ ಬಿಗಿಯಿರಿ. ಮಕ್ಕಳು ಡ್ರಾಯರ್‌ಗಳನ್ನು ಮೆಟ್ಟಿಲು ಮಾಡಿಕೊಂಡು ಹತ್ತುತ್ತಾರೆ. ಎಲ್ಲ ಡ್ರಾಯರ್ ಒಟ್ಟಿಗೆ ತೆರೆದರೆ ಖಾಲಿ ಕಪಾಟೂ ಮುಂದಕ್ಕೆ ಮಗುಚಬಹುದು. ಬ್ರಾಕೆಟ್‌ನ ಸ್ಕ್ರೂ ಕಪಾಟಿನ ಬೆನ್ನಿನ ತೆಳು ಹಲಗೆಗೆ ಹಾಕಬೇಡಿ, ಚೌಕಟ್ಟಿನ ಗಟ್ಟಿ ಮರಕ್ಕೇ ಹಾಕಿ.